ಆನೆ ಗವಸಿನ ಸಿಲಿಂಡರ್

ಸಿಲಿಂಡರ್ ಅಷ್ಟು ಸಲೀಸಾಗಿ ಕೂರಬಾರದಿತ್ತು.

ಬೆಳಿಗ್ಗೆಯಿಂದ ತನುಶ್ರೀಯ ಮನಸ್ಸನ್ನು ಕೊರೆಯುತ್ತಿದ್ದದ್ದು ಇಷ್ಟೇ. ಯಾರಿಗಾದರೂ ಹೇಳಿದರೆ ನಕ್ಕುಬಿಡುವಂಥ ಚಿಂತೆ. ಸಲೀಸಾಗಿ ಕೂತರೆ ಒಳ್ಳೆಯದೇ ಆಯಿತಲ್ಲ ಮಾರಾಯ್ತಿ, ಎಂದಾರು. ಅವಳಾದರೂ ಯಾರಿಗೆ ಹೇಳುವವಳು? ಬಿ.ಎಸ್ಸಿ. ಮುಗಿಸಿ, ಶಿವಮೊಗ್ಗದ ಗಾಂಧಿ ಬಜಾರಿನ ಅಡ್ಡರಸ್ತೆಯ ಮಹಡಿಯ ಮೇಲಿನ ಈ ಹಲ್ಲಿನ ಕ್ಲಿನಿಕ್ಕಿಗೆ ಸೇರಿ ವರ್ಷ ಕಳೆದಿದ್ದರೂ, ಹೊರಗೆ ಕಾದು ಕೂತವರ ಹೆಸರು ಕೂಗಬೇಕೆಂದರೆ ಇವತ್ತಿಗೂ ಅವಳಿಂದ ಆಗುತ್ತಿರಲಿಲ್ಲ. ಎದ್ದು ಹೋಗಿ, ಬಗ್ಗಿ, ಕಿವಿಯ ಹತ್ತಿರ “ನಿಮ್ಮನ್ನ ಕರೀತಿದಾರೆ” ಎಂದು ಹೇಳಿ ಬರುತ್ತಿದ್ದಳು. ದಿನಚರಿಯಲ್ಲಿ ಪುಟಗಟ್ಟಲೆ ಮಾತಾಡುವ ಹುಡುಗಿಗೆ ನಾಲ್ಕು ಜನರ ಮುಂದೆ ಒಂದು ವಾಕ್ಯ ಪೂರ್ತಿಯಾಗಿ ಹೊರಡುತ್ತಿರಲಿಲ್ಲ.

ಗ್ಯಾಸ್ ಏಜೆನ್ಸಿಯ ಪರಶುರಾಮ ಅವತ್ತು ಎರಡು ಸಿಲಿಂಡರ್ ತಂದಿದ್ದ. ಒಂದು ಆಕ್ಸಿಜನ್, ಇನ್ನೊಂದು ನೈಟ್ರಸ್. ಹಲ್ಲು ಕೀಳಿಸಿಕೊಳ್ಳಲು ಹೆದರಿ ರಂಪ ಮಾಡುವ ಮಕ್ಕಳ ಮೂಗಿಗೆ ಈ ಎರಡನ್ನೂ ಹದವಾಗಿ ಬೆರೆಸಿ ಬಿಟ್ಟರೆ ಭಯ ಕರಗುತ್ತದೆ, ಎಚ್ಚರ ತಪ್ಪದೆಯೇ ಮಕ್ಕಳು ಕುರ್ಚಿಯಲ್ಲಿ ತೇಲಾಡಿಕೊಂಡು ಕಿಲಕಿಲ ನಗುತ್ತವೆ. ನಗೋ ಗ್ಯಾಸಿನ ಡಾಕ್ಟರು ಎಂದೇ ಕ್ಲಿನಿಕ್ಕಿನ ಒಡೆಯ ಪ್ರಸನ್ನಕುಮಾರರಿಗೆ ಬಜಾರಿನಲ್ಲಿ ಹೆಸರು. ಆಕ್ಸಿಜನ್ ಸಿಲಿಂಡರಿಗೆ ಕಪ್ಪು ಮೈ, ಬಿಳಿ ಹೆಗಲು. ನೈಟ್ರಸ್ಸಿನದು ನೀಲಿ. ಕಣ್ಣಿದ್ದವರಿಗೆ ತಪ್ಪುವ ಹಾಗಿಲ್ಲ. ಆದರೆ ಡಾಕ್ಟರ ಹೆಂಡತಿ ಜಯಶೀಲಾ ಮೇಡಂಗೆ, ಕಬ್ಬಿಣದ ಸಿಲಿಂಡರ್ ಕಂಡರೆ ಮಕ್ಕಳು ಬೆದರುತ್ತವೆ ಎಂಬ ಯೋಚನೆ. ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳು ಸಾಲಾಗಿ ಹೊಳೆಗಿಳಿಯುತ್ತವಲ್ಲ, ಅಂಥದೇ ಚಿತ್ರದ ಬಟ್ಟೆ ಹುಡುಕಿ ತಂದು, ದಿಂಬಿಗೆ ಹೊಲಿಸಿದ ಹಾಗೆ ಎಲ್ಲ ಸಿಲಿಂಡರಿಗೂ ಗವಸು ಹೊಲಿಸಿದ್ದರು. ಬಾಗಿಲಲ್ಲೇ ಗವಸು ತೊಡಿಸಿ ಒಳಗೆ ತರಬೇಕು, ಅದು ಅವರ ಕಟ್ಟಪ್ಪಣೆ.

“ನೋಡ್ರೀ ಮಿಸ್ಸೇ, ಸಿಲಿಂಡರಿಗೂ ಲಂಗ ಹಾಕ್ಸಿದ ಊರು ಇದೊಂದೇ,” ಎನ್ನುತ್ತ ಪರಶುರಾಮ ಸಿಲಿಂಡರನ್ನು ಹೆಗಲಿನಿಂದ ಇಳಿಸಿದ. ಅವನು ಎಲ್ಲರಿಗೂ ಮಾತು ಹಚ್ಚುವವನು. ತನುಶ್ರೀಯನ್ನು ಕಂಡರಂತೂ ಬಿಡುತ್ತಿರಲಿಲ್ಲ. “ಇವತ್ತಾದ್ರೂ ಒಂದ್ ಮಾತಾಡ್ತೀರೋ ಇಲ್ವೋ? ಊರಿನೋರೆಲ್ಲ ಬಂದು ಬಾಯಿ ಬಿಡೋ ಜಾಗದಲ್ಲಿ, ಬಾಯಿ ಬಿಡದೇ ಇರೋರು ನೀವೊಬ್ರೇ ಕಣ್ರೀ.”

ಅವಳು ತುಟಿಯಂಚಿನಲ್ಲಿ ನಕ್ಕಳು.

ಗವಸು ಬಂದ ಮೇಲೆ ಯಾವುದು ಆಕ್ಸಿಜನ್, ಯಾವುದು ನೈಟ್ರಸ್ ಎಂದು ನೋಡುವ ಅಭ್ಯಾಸ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಬಿಟ್ಟುಹೋಗಿತ್ತು. ನೋಡಬೇಕಾದ ಅಗತ್ಯವೂ ಇರಲಿಲ್ಲ. ಗ್ಯಾಸ್ ಬೆರೆಸುವ ಮೆಷಿನ್ನಿನಲ್ಲಿ ಸಿಲಿಂಡರ್ ಹಿಡಿಯಲು ಎರಡಕ್ಕೂ ಬೇರೆ ಬೇರೆ ಕ್ಲಾಂಪು, ಪ್ರತಿ ಕ್ಲಾಂಪಿನಲ್ಲಿ ಎರಡು ಪುಟ್ಟ ಪಿನ್ನುಗಳು, ಸಿಲಿಂಡರಿನ ಕತ್ತಿನಲ್ಲಿ ಅವಕ್ಕೆ ತಕ್ಕ ಎರಡು ತೂತು. ಒಂದೊಂದು ಗ್ಯಾಸಿಗೆ ಒಂದೊಂದು ಅಳತೆ. ತಪ್ಪು ಸಿಲಿಂಡರ್ ಇಟ್ಟರೆ ಏನು ಮಾಡಿದರೂ ಕೂರುವುದಿಲ್ಲ. “ಕೂತ್ರೆ ಇದ್ರದ್ದು, ಕೂರ್ಲಿಲ್ಲ ಅಂದ್ರೆ ಅದ್ರದ್ದು,” ಎಂದು ಪರಶುರಾಮ ಒಂದನ್ನು ಎತ್ತಿ ಆಕ್ಸಿಜನ್ ಕ್ಲಾಂಪಿಗೆ ಹಿಡಿಯುತ್ತಿದ್ದ. ಕೂರದಿದ್ದರೆ ಬೈದುಕೊಂಡು ಇನ್ನೊಂದನ್ನು ಎತ್ತುತ್ತಿದ್ದ. ಅವತ್ತು ಮೊದಲನೆಯದೇ ಟಕ್ಕೆಂದು ಕೂತಿತು. ಅವನು ತಿರುಪು ಬಿಗಿದು, ಮೆಷಿನ್ನಿನ ಹಳೆಯ ನೈಟ್ರಸ್ ಇನ್ನೂ ಮುಗಿಯದ್ದರಿಂದ ಇನ್ನೊಂದನ್ನು ಗೋಡೆಗೆ ಒರಗಿಸಿ, “ಖಾಲಿದನ್ನ ಮಧ್ಯಾಹ್ನ ಬಂದು ಒಯ್ತೀನಿ” ಎಂದು ಸಿಳ್ಳೆ ಹಾಕುತ್ತ ಇಳಿದು ಹೋದ.

ಸುಮ್ಮನೆ ಅದೃಷ್ಟ ಇರಬಹುದು, ಎಂದುಕೊಂಡಳು ತನುಶ್ರೀ. ಆದರೆ ಅದೃಷ್ಟ ಅಲ್ಲದೆಯೂ ಇರಬಹುದು. ಏಕೆಂದರೆ ಆ ಕ್ಲಾಂಪಿನಲ್ಲಿ ಈಗ ಇದ್ದದ್ದು ಒಂದೇ ಪಿನ್. ಅದು ಅವಳಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು. ಪರಶುರಾಮನಿಗೆ ಯಾರೂ ಹೇಳಿರಲಿಲ್ಲ. ಗವಸು ಎತ್ತಿ ನೋಡಬೇಕೆನ್ನಿಸಿತು, ಏನು ನೋಡ್ತಿದೀಯ ಎಂದು ಡಾಕ್ಟರು ಕೇಳಿದರೆ ಹೇಳಬೇಕಲ್ಲ ಎಂದು ಅಳುಕಿ ಬಿಟ್ಟಳು.

ಅದು ಹೋದ ವಾರದ ಮಾತು. ಕೋಣೆಗೆ ಬಣ್ಣ ಬಳಿಯುವವರು ಮೆಷಿನ್ನನ್ನು ಎಳೆದಾಡುವಾಗ ಅದು ಮಗುಚಿ ಬಿದ್ದು, ಆಕ್ಸಿಜನ್ ಕಡೆಯ ಒಂದು ಪಿನ್ ಸೊಟ್ಟಗಾಗಿತ್ತು. ಯಾವ ಸಿಲಿಂಡರೂ ಕೂರದಾಯಿತು. ಕಂಪನಿಗೆ ಫೋನ್ ಮಾಡಿದರೆ, ಬೆಂಗಳೂರಿನಿಂದ ಜನ ಬರುವುದು ತಡವಾಗುತ್ತದೆ, ಅಲ್ಲಿಯವರೆಗೆ ಮೆಷಿನ್ ಮುಟ್ಟಬೇಡಿ ಎಂದಿದ್ದರು. ಡಾಕ್ಟರು ಫೋನ್ ಇಟ್ಟು ತನುಶ್ರೀಯ ಕಡೆ ತಿರುಗಿದರು.

“ನಿಮ್ಮಪ್ಪ ಭದ್ರಾವತೀಲಿ ಲೇತ್ ಇಟ್ಕೊಂಡಿದಾರಲ್ವೇನಮ್ಮಾ?”

“ಹೂಂ ಸರ್.”

“ಮತ್ತೆ ಇನ್ನೇನು! ಭದ್ರಾವತಿಯೋರ ಕೈಲಿ ಆಗದೇ ಇರೋ ಕಬ್ಬಿಣದ ಕೆಲ್ಸ ಯಾವುದಿದೆ? ಬಿಚ್ಕೊಂಡ್ ಹೋಗು. ಕೂರೋ ಹಾಗೆ ಮಾಡಿಸ್ಕೊಂಡ್ ಬಾ.”

ಭದ್ರಾವತಿಯ ಹಳೇನಗರದ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳ ಅಪ್ಪ ಮೂರ್ತಪ್ಪ ಆ ಕ್ಲಾಂಪನ್ನು ವೈಸಿಗೆ ಬಿಗಿದು, ಕಣ್ಣು ಕಿರಿದು ಮಾಡಿ ನೋಡಿದ. ಕಬ್ಬಿಣದ ಕಾರ್ಖಾನೆ ಸೊರಗಿ, ಕೆಲಸ ಬಿಟ್ಟು ಬಂದ ಮೇಲೆ ಅವನಿಗೆ ಉಳಿದಿದ್ದು ಆ ಲೇತು, ಎರಡು ಕೈ, ಮತ್ತು ಸಿಟ್ಟು. ಕೂರದ್ದನ್ನು ಕೂರಿಸುವುದೇ ಅವನ ಹೆಮ್ಮೆ. ಬೋಲ್ಟು ಕೂರದಿದ್ದರೆ ತೂತು ಕೊರೆದು ಕೂರಿಸುತ್ತಿದ್ದ. ಬಾಗಿಲು ಕೂರದಿದ್ದರೆ ಚೌಕಟ್ಟು ಕೆತ್ತಿ ಕೂರಿಸುತ್ತಿದ್ದ. ಹೆಂಡತಿ ಎದುರು ಮಾತಾಡಿದರೆ ಹೊಡೆದು ಕೂರಿಸುತ್ತಿದ್ದ. ಬಂಗಾರಮ್ಮನ ಮುಂದಿನ ಹಲ್ಲು ಅರ್ಧ ಮುರಿದದ್ದು ಹಾಗೆಯೇ. ಸ್ಪ್ಯಾನರಿನ ಹಿಡಿ ತಗುಲಿ. ಕೇಳಿದವರಿಗೆಲ್ಲ ನಲ್ಲಿಯ ಹತ್ತಿರ ಜಾರಿ ಬಿದ್ದೆ ಎನ್ನುತ್ತಿದ್ದಳು. ನಮ್ಮ ಡಾಕ್ಟರು ಪುಕ್ಕಟೆ ಹಲ್ಲು ಕಟ್ಟಿಕೊಡುತ್ತಾರೆ ಬಾ ಎಂದು ಮಗಳು ಕರೆದರೆ, “ಹೆಂಗ್ ಮುರೀತು ಅಂತ ಕೇಳ್ತಾರೆ, ಬ್ಯಾಡ ಬಿಡವ್ವ” ಎಂದಿದ್ದಳು. ಹಲ್ಲಿನ ಆಸ್ಪತ್ರೆಯ ಹುಡುಗಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡೇ ನಗುತ್ತಿದ್ದಳು.

“ಈ ಪಿನ್ನು ಸೊಟ್ಟ ಆಗಿದೆ. ಸೀದಾ ಮಾಡಕ್ ಹೋದ್ರೆ ಮುರೀತದೆ,” ಎಂದ ಮೂರ್ತಪ್ಪ. ಅವನ ದನಿಯಲ್ಲಿ ಬಹಳ ದಿನಗಳ ಮೇಲೆ ಒಂದು ಗೆಲುವಿತ್ತು. ಶಿವಮೊಗ್ಗದ ಡಾಕ್ಟರೊಬ್ಬರಿಗೆ ತನ್ನ ಕೈ ಬೇಕಾಯಿತಲ್ಲ! “ಅರೆದು ಹಾಕ್ತೀನಿ. ಇನ್ನೊಂದು ಪಿನ್ನಿದೆ, ಸಾಕು. ಅದ್ರ ಮೇಲೆ ಆನೆ ಬಂದು ಕೂತ್ರೂ ಅಲ್ಲಾಡಲ್ಲ.”

ತನುಶ್ರೀ ಮೆಷಿನ್ನಿನ ಜೊತೆ ಬಂದ ಪುಸ್ತಕವನ್ನು ಓದಿದ್ದಳು. ಯಾರೂ ಓದದ್ದನ್ನು ಓದುವುದು ಅವಳ ಅಭ್ಯಾಸ. ಆ ಪಿನ್ನು ಸಿಲಿಂಡರನ್ನು ಹಿಡಿದು ನಿಲ್ಲಿಸಲಿಕ್ಕಲ್ಲ, ತಪ್ಪು ಸಿಲಿಂಡರನ್ನು ತಡೆಯಲಿಕ್ಕೆ ಇರುವುದು ಎಂದು ಅದರಲ್ಲಿತ್ತು. ಎರಡು ಪಿನ್ನುಗಳಲ್ಲಿ ಒಂದರ ಜಾಗ ಎರಡೂ ಗ್ಯಾಸಿಗೆ ಒಂದೇ. ಬೇರೆ ಇರುವುದು ಇನ್ನೊಂದರ ಜಾಗ ಮಾತ್ರ. ಅಪ್ಪ ಅರೆಯಲು ಹೊರಟಿದ್ದು ಆ ಬೇರೆ ಇರುವುದನ್ನೇ.

“ಅಪ್ಪಾ, ಅದು...”

“ಏನು?” ಮೂರ್ತಪ್ಪ ತಲೆಯೆತ್ತಿದ. ಕೈಯಲ್ಲಿ ಗ್ರೈಂಡರ್ ಇತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಂಗಾರಮ್ಮ, ಬೇಡ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದಳು.

“ಏನಿಲ್ಲ.”

ಗ್ರೈಂಡರ್ ಕಿರುಚಿತು. ಕಿಡಿ ಹಾರಿ ಅವಳ ಚೂಡಿದಾರದ ಅಂಚಿನಲ್ಲಿ ಸಣ್ಣ ತೂತು ಬಿತ್ತು. ಸಾಸಿವೆಯಷ್ಟು ಕಬ್ಬಿಣ ಪುಡಿಯಾಗಿ ನೆಲದ ಮೇಲೆ ಉದುರಿತು.

ಸಿಲಿಂಡರ್ ಕೂತ ಆ ದಿನದ ಮೊದಲನೆಯ ಪೇಷಂಟು ಎಂಟು ವರ್ಷದ ಸ್ಫೂರ್ತಿ. ಬಜಾರಿನ ಸಗಟು ದಿನಸಿ ವ್ಯಾಪಾರಿ ರುದ್ರೇಶನ ಒಬ್ಬಳೇ ಮಗಳು. ಅಜ್ಜಿ ಮಹಾಂತಮ್ಮನ ಸೊಂಟ ತಬ್ಬಿಕೊಂಡು ಬಂದವಳು, ಆನೆಗಳನ್ನು ಕಂಡು ಹಿಡಿತ ಸಡಿಲಿಸಿದಳು.

“ಅಜ್ಜೀ, ಈ ಆನೆ ಮರಿ ಹಿಂದೇನೇ ಉಳ್ಕೊಂಡಿದೆ ನೋಡು.”

“ನಿನ್ ತರಾನೇ ಸೋಮಾರಿ ಅದು. ಬಾಯಿ ತೆಗಿ ಅಂದ್ರೆ ತೆಗೀಬೇಕು, ಗೊತ್ತಾಯ್ತಾ? ಡಾಕ್ಟ್ರೇ, ಬೆಳಿಗ್ಗೆ ಏನೂ ಕೊಟ್ಟಿಲ್ಲ, ನೀವ್ ಹೇಳಿದ ಹಾಗೇನೆ. ಮುಗಿದ ಮೇಲೆ ಐಸ್ ಕ್ರೀಮ್ ಕೊಡಿಸ್ಬೇಕಂತೆ.”

ಅಜ್ಜಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದ್ದಾಯಿತು. ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಕ್ಲಿಪ್ಪು ಮಗುವಿನ ಬೆರಳಿಗೆ ದೊಡ್ಡದಾಗಿ ಜಾರಿ ಜಾರಿ ಕೂಗಿಕೊಳ್ಳುತ್ತಿತ್ತು. “ತಲೆನೋವು, ತೆಗೆದಿಡು ಅದನ್ನ,” ಎಂದರು ಡಾಕ್ಟರು. ತನುಶ್ರೀ ತೆಗೆದಿಟ್ಟಳು. ಮೂಗಿಗೆ ಮಾಸ್ಕ್ ಏರಿಸಿ, ಮೊದಲು ಬರೀ ಆಕ್ಸಿಜನ್ ಬಿಟ್ಟರು. ಯಾವಾಗಲೂ ಹಾಗೆಯೇ. ಸ್ವಲ್ಪ ಹೊತ್ತು ಆಕ್ಸಿಜನ್, ಆಮೇಲೆ ಮೆಲ್ಲಗೆ ನೈಟ್ರಸ್.

ನೈಟ್ರಸ್ಸಿನ ಗುಂಡಿಯನ್ನು ಮುಟ್ಟುವ ಮೊದಲೇ ಸ್ಫೂರ್ತಿ ನಕ್ಕಳು. ಗಟ್ಟಿಯಾಗಿ ನಕ್ಕಳು. ಒಂದು ಸಲ ಕೈಯೆತ್ತಿದಳು, ಆ ಕೈ ಕುರ್ಚಿಯ ಪಕ್ಕಕ್ಕೆ ಬಿದ್ದು ನೇತಾಡಿತು.

“ಅರೆ, ಇಷ್ಟು ಬೇಗ!” ಎಂದು ಡಾಕ್ಟರು ಖುಷಿಯಿಂದ ಸೂಜಿಗೆ ಕೈ ಚಾಚಿದರು. ಬಗ್ಗಿ ನೋಡಿದಾಗ ಮಗುವಿನ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು.

“ಆಕ್ಸಿಜನ್! ಫುಲ್ ಕೊಡು, ಫುಲ್!”

ತನುಶ್ರೀ ತಿರುಗಿಸಿದಳು. ಮಗುವಿನ ಕಾಲು ಒಮ್ಮೆ ಝಾಡಿಸಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಬಿಳಿ ಮಾತ್ರ ಕಂಡಿತು. ಆಕ್ಸಿಜನ್ ಕೊಟ್ಟಷ್ಟೂ ಬಣ್ಣ ಕಂದುತ್ತಿತ್ತು. “ಇನ್ನೂ ಕೊಡು! ಏನ್ ಮಾಡ್ತಿದೀಯ ನೀನು!” ಎಂದು ಡಾಕ್ಟರು ಚೀರಿದರು. ಹೊರಗಿನಿಂದ ಮಹಾಂತಮ್ಮ ಬಾಗಿಲು ಬಡಿಯತೊಡಗಿದಳು. ತನುಶ್ರೀ ತತ್ತರಿಸಿ ಸಿಲಿಂಡರನ್ನು ಹಿಡಿದುಕೊಂಡಳು. ಗವಸಿನ ಆನೆಗಳು ಒದ್ದೆಯಾಗಿದ್ದವು. ಬಟ್ಟೆಯ ಒಳಗಿನ ಕಬ್ಬಿಣ ಮಂಜಿನ ಹಾಗೆ ಕೊರೆಯುತ್ತಿತ್ತು. ಆಕ್ಸಿಜನ್ ಸಿಲಿಂಡರ್ ತಣ್ಣಗಾಗಿ ಬೆವರುವುದಿಲ್ಲ. ಹಾಗೆ ಬೆವರುವುದು ನೈಟ್ರಸ್.

ಬಾಯಿಂದ ಮಾತು ಬರಲಿಲ್ಲ. ಕೈ ಬಂತು. ಮಗುವಿನ ಮುಖದಿಂದ ಮಾಸ್ಕನ್ನು ಕಿತ್ತೆಸೆದಳು. ಡಾಕ್ಟರು ಮೊಣಕೈಯಲ್ಲಿ ಅವಳ ಎದೆಗೆ ಗುದ್ದಿ ಮತ್ತೆ ಮಾಸ್ಕ್ ಹಾಕಲು ಬಂದರು. ಅವಳು ಆ ಕೈಯನ್ನು ಕಚ್ಚಿದಳು. ಹೌದು, ಕಚ್ಚಿದಳು. ಅವರು ಕೂಗಿ ಕೈ ಎಳೆದುಕೊಳ್ಳುವಷ್ಟರಲ್ಲಿ ಗವಸನ್ನು ಮೇಲಕ್ಕೆತ್ತಿ ತೋರಿಸಿದಳು. ನೀಲಿ.

ಡಾಕ್ಟರು ಮಾಸ್ಕನ್ನು ಕೈಬಿಟ್ಟರು. ಮಗುವನ್ನು ನೆಲದ ಮೇಲೆ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಊದಿದರು. ಊದಿದರು, ಎದೆ ಒತ್ತಿದರು, ಮತ್ತೆ ಊದಿದರು. ಕೊನೆಗೆ ಸ್ಫೂರ್ತಿ ಒಂದು ಸಲ ಗೊರಕ್ಕೆಂದು ಗಾಳಿ ಎಳೆದುಕೊಂಡಳು. ತುಟಿಯ ಬಣ್ಣ ನಿಧಾನವಾಗಿ ತಿರುಗಿತು. ಕಣ್ಣು ಮಾತ್ರ ಬಿಡಲಿಲ್ಲ. ಕೆಳಗಿನ ಮನೆಯಿಂದ ಓಡಿ ಬಂದ ಜಯಶೀಲಾ ಮಗುವನ್ನೂ ಅಜ್ಜಿಯನ್ನೂ ಕಾರಿಗೆ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಟರು.

“ನೀವ್ ಹೋಗ್ತಿರಿ, ನಾನು ಹಿಂದೇನೇ ಬಂದೆ,” ಎಂದರು ಡಾಕ್ಟರು. ಆದರೆ ಹೋಗಲಿಲ್ಲ. ಬಾಗಿಲಿಗೆ ಚಿಲಕ ಹಾಕಿ, ಕಚ್ಚಿಸಿಕೊಂಡ ಕೈಯನ್ನು ಹಿಡಿದುಕೊಂಡು ತನುಶ್ರೀಯ ಎದುರು ನಿಂತರು.

“ಆ ಕ್ಲಾಂಪ್ ಬಿಚ್ಚು.”

ಅವಳು ಬಿಚ್ಚಿದಳು.

“ಕೇಳಿಲ್ಲಿ. ಪರಶುರಾಮ ಸಿಲಿಂಡರ್ ಅದಲು ಬದಲು ಮಾಡಿದ. ಅಷ್ಟೇ ಆಗಿದ್ದು. ಪಿನ್ನಿನ ಸುದ್ದಿ ಎಲ್ಲೂ ಎತ್ತಬೇಡ. ಎತ್ತಿದ್ರೆ ಪೊಲೀಸ್ರು ಮೊದ್ಲು ಯಾರನ್ನ ಹುಡುಕ್ಕೊಂಡ್ ಹೋಗ್ತಾರೆ ಗೊತ್ತಾ? ಅರೆದವರನ್ನ. ರುದ್ರೇಶ್ ಕಡೆಯೋರು ಪೊಲೀಸ್ರಿಗೂ ಕಾಯಲ್ಲ. ನಿಮ್ಮಪ್ಪನ್ನ ಭದ್ರಾವತೀಲೇ ಹೂತು ಬರ್ತಾರೆ. ಇದನ್ನ ಒಯ್ದು ಹೊಳೇಗೆ ಎಸೆದು, ಸೀದಾ ಮನೆಗೆ ಹೋಗು.”

ಕ್ಲಾಂಪ್ ಅವಳ ಏಪ್ರನ್ನಿನ ಜೇಬಿನಲ್ಲಿ ಇಳಿಬಿತ್ತು. ಒಂದು ಮುಷ್ಟಿ ಗಾತ್ರದ ಕಬ್ಬಿಣ. ಬಾಗಿಲು ತೆರೆದು ಮೆಟ್ಟಿಲಿನ ಕಡೆ ಹೆಜ್ಜೆ ಇಟ್ಟಳು. ತುಂಗೆಯವರೆಗೆ ನಡೆದರೆ ಆಯಿತು, ಎಸೆದರೆ ಆಯಿತು. ಮತ್ತೆ ಯಾರೂ ಏನೂ ಕೇಳುವುದಿಲ್ಲ.

ಮೆಟ್ಟಿಲಿನಲ್ಲಿ ಆಗಲೇ ಜನ ಬರುತ್ತಿದ್ದರು.

ಮುಂದೆ ರುದ್ರೇಶ, ಅಜ್ಜಿ ಕಾರಿನಿಂದಲೇ ಫೋನ್ ಮಾಡಿರಬೇಕು. ಅಂಗಿಯ ಮೇಲೆ ಬೆಲ್ಲದ ಪುಡಿ, ಕಾಲಿಗೆ ಚಪ್ಪಲಿ ಇಲ್ಲ. ಹಿಂದೆ ಅವನ ಅಂಗಡಿಯ ಹಮಾಲರು, ಮೂಟೆ ಎತ್ತುವ ಕಬ್ಬಿಣದ ಕೊಕ್ಕೆಗಳನ್ನು ಹಿಡಿದುಕೊಂಡೇ ಬಂದಿದ್ದರು. ಹೆಗಲಿಂದ ತಳ್ಳಿದ ರಭಸಕ್ಕೆ ತನುಶ್ರೀ ಗೋಡೆಗೆ ಅಪ್ಪಳಿಸಿದಳು. ಅವಳನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಅವಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳದಿರುವುದು ಎಲ್ಲರಿಗೂ ಸುಲಭವಾಗಿತ್ತು.

“ಎಲ್ಲೋ ಅವ್ನು ನಗ್ಸೋ ಡಾಕ್ಟ್ರು?”

ಮೊದಲು ಒಡೆದದ್ದು ಗಾಜಿನ ಬಾಗಿಲು. ಆಮೇಲೆ ಕುರ್ಚಿಯ ಮೇಲಿನ ದೀಪ. ಕರಿಯಣ್ಣ ಎಂಬ ದಪ್ಪ ಹಮಾಲ ಕೊಕ್ಕೆಯನ್ನು ಹಲ್ಲಿನ ಕುರ್ಚಿಗೆ ಚುಚ್ಚಿ, ಮೂಟೆ ಸೀಳುವ ಹಾಗೆ ಮೇಲಿಂದ ಕೆಳಕ್ಕೆ ಸೀಳಿದ. ಸ್ಪಂಜು ಹೊರಬಿತ್ತು. ಕಪಾಟಿನಲ್ಲಿದ್ದ ಪ್ಲಾಸ್ಟರಿನ ದವಡೆಗಳು ನೆಲಕ್ಕುರುಳಿ ಕಾಲಿನಡಿ ಪುಡಿಯಾದವು. ರುದ್ರೇಶ ಡಾಕ್ಟರ ಕುತ್ತಿಗೆ ಪಟ್ಟಿ ಹಿಡಿದು ಸ್ಟೀಲಿನ ತಟ್ಟೆಯಿಂದ ಮುಖಕ್ಕೆ ಬಾರಿಸಿದ. ತಟ್ಟೆ ಬಾಗುವವರೆಗೂ ಬಾರಿಸಿದ. ಎಷ್ಟೋ ಜನರ ಹಲ್ಲು ಕಿತ್ತ ಡಾಕ್ಟರ ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಜಾರಿ ಅಂಗಿಯ ಮೇಲೆ ಬಿತ್ತು.

“ಏನ್ ಕೊಟ್ಯೋ ನನ್ ಮಗೂಗೆ? ಹೇಳೋ! ನಗ್ತಾ ಬಂದೋಳು ಕಣೋ ಅವ್ಳು!”

“ನಂದೇನಿಲ್ಲ ರುದ್ರೇಶಣ್ಣ... ನಾನು ಆಕ್ಸಿಜನ್ನೇ ಕೊಟ್ಟಿದ್ದು! ಸಿಲಿಂಡರ್ ಬದಲಾಯಿಸಿ ಇಟ್ಟಿದ್ದಾನೆ, ಪರಶುರಾಮ ಅಂತ, ಗ್ಯಾಸಿನೋನು! ಅವನನ್ನ ಕೇಳಿ!”

ಅದೇ ಹೊತ್ತಿಗೆ ಕೆಳಗೆ ಟೆಂಪೋದ ಹಾರ್ನ್ ಕೇಳಿತು. ಖಾಲಿ ಸಿಲಿಂಡರ್ ಒಯ್ಯಲು ಬಂದಿದ್ದ ಪರಶುರಾಮ, ಮೇಲಿನ ಗದ್ದಲ ಕೇಳಿ ಓಡಿಹೋಗಬೇಕಿತ್ತು. ಅವನು ಸಹಾಯಕ್ಕೆಂದು ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಬಂದ.

“ಡಾಕ್ಟ್ರೇ! ಯಾರ್ರೀ ಇವ್ರೆಲ್ಲ? ಏನಾಯ್ತು?”

“ನೀನೇನೋ ಪರಶುರಾಮ?” ಎಂದ ರುದ್ರೇಶ.

“ಹೂಂ ಅಣ್ಣ, ನಾನೇ. ಯಾಕೆ?”

ಮಾತು ಮುಗಿಯುವ ಮೊದಲೇ ಕರಿಯಣ್ಣನ ಕೊಕ್ಕೆಯ ಹಿಂಬದಿ ಅವನ ಕಿವಿಯ ಮೇಲೆ ಬಿತ್ತು. ಕುಸಿದವನ ಕಾಲು ಹಿಡಿದು ಮೆಟ್ಟಿಲಿನಲ್ಲಿ ದರದರ ಎಳೆದರು. ಒಂದೊಂದು ಮೆಟ್ಟಿಲಿಗೂ ಅವನ ತಲೆ ಬಡಿದ ಸದ್ದು, ತೆಂಗಿನಕಾಯಿ ಇಳಿಸಿದ ಹಾಗೆ, ಗೋಡೆಗೆ ಅಂಟಿ ನಿಂತಿದ್ದ ತನುಶ್ರೀಗೆ ಕೇಳಿಸಿತು. ಅವಳ ಕಾಲ ಪಕ್ಕದಲ್ಲೇ ಎಳೆದುಕೊಂಡು ಹೋದರು. ಅವನ ಕೈ ಅವಳ ಚಪ್ಪಲಿಗೆ ತಾಗಿ ಜಾರಿತು.

ಅವಳೂ ಇಳಿದಳು. ಯಾಕೆ ಇಳಿದೆನೆಂದು ಅವಳಿಗೇ ಗೊತ್ತಿರಲಿಲ್ಲ. ಹೊಳೆಗೆ ಹೋಗುವ ದಾರಿಯೂ ಅದೇ ಮೆಟ್ಟಿಲು.

ಬಜಾರಿನ ಅಂಗಡಿಗಳ ಶಟರುಗಳು ಒಂದರ ಹಿಂದೊಂದು ಧಡಧಡ ಇಳಿಯುತ್ತಿದ್ದವು. ಅರ್ಧ ಇಳಿಸಿದ ಶಟರಿನ ಕೆಳಗಿನಿಂದ ಜನ ಬಗ್ಗಿ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಠಾಣೆಗೆ ಫೋನ್ ಹೋಗಿದೆ ಎಂದು ಯಾರೋ ಅಂದರು. ಬಂದವರು ಯಾರೂ ಇಲ್ಲ. ರಸ್ತೆಯ ನಡುವೆ ಪರಶುರಾಮನನ್ನು ಒದೆಯುತ್ತಿದ್ದರು. ಹೊಟ್ಟೆಗೆ ಒಬ್ಬ, ಬೆನ್ನಿಗೆ ಒಬ್ಬ, ಸರದಿ ಕಾಯುತ್ತಾ ಇನ್ನೊಬ್ಬ. ಅವನಿಗೂ ಮಗುವಿಗೂ ಏನು ಸಂಬಂಧ ಎಂದು ಗೊತ್ತಿಲ್ಲದವರೂ ಬಂದು ಒಂದೊಂದು ಒದೆ ಕೊಟ್ಟು ಹೋಗುತ್ತಿದ್ದರು. ಅವನ ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣು ಕಾಲುಗಳ ನಡುವಿನಿಂದ ಹುಡುಕಾಡಿ, ಅವಳನ್ನು ಕಂಡುಹಿಡಿಯಿತು.

“ಮಿಸ್ಸೇ! ಕೂತಿತಲ್ಲ ಅದು! ನೀವೇ ನೋಡಿದ್ರಲ್ಲ! ಕೂರದಿದ್ರೆ ಇಡ್ತಿದ್ನಾ ನಾನು? ಕೂತಿತು ಅಂತ ಹೇಳ್ರೀ ಇವ್ರಿಗೆ!”

“ಏನು ಕೂತಿತು ಕೂತಿತು ಅಂತಾನೆ ಬೋಳಿಮಗ,” ಎಂದು ಒಬ್ಬ ಅವನ ಬಾಯಿಗೇ ಒದ್ದ.

ತನುಶ್ರೀ ಬಾಯಿ ತೆರೆದಳು. ಗಾಳಿ ಮಾತ್ರ ಹೊರಟಿತು. ಜೇಬಿನಲ್ಲಿದ್ದ ಕಬ್ಬಿಣವನ್ನು ಮುಷ್ಟಿಯಲ್ಲಿ ಹಿಡಿದಳು. ಉಳಿದಿದ್ದ ಪಿನ್ನು ಅಂಗೈಗೆ ಚುಚ್ಚಿತು. ಅದರ ಪಕ್ಕದಲ್ಲಿ ಅಪ್ಪ ಅರೆದ ಜಾಗ, ನುಣ್ಣಗೆ, ಬೆರಳಿಗೆ ಹಿತವಾಗಿ ಸಿಕ್ಕಿತು. ಒಳ್ಳೆಯ ಕೆಲಸಗಾರ ಅಪ್ಪ. ಗುರುತೇ ಸಿಗದ ಹಾಗೆ ಅರೆದಿದ್ದ. ಹೇಳಿದರೆ ಈ ಕೊಕ್ಕೆಗಳೆಲ್ಲ ಸಂಜೆಯೊಳಗೆ ಹಳೇನಗರದ ತಗಡಿನ ಶೆಡ್ಡಿನ ಮುಂದೆ ನಿಲ್ಲುತ್ತವೆ. ಅಪ್ಪ ಸ್ಪ್ಯಾನರ್ ಹಿಡಿದು ಎದುರು ಬರುತ್ತಾನೆ, ಅವನು ಓಡುವವನಲ್ಲ. ಅಮ್ಮ ನಡುವೆ ಬರುತ್ತಾಳೆ, ಅವಳು ಯಾವಾಗಲೂ ನಡುವೆ ಬರುವವಳೇ. ಅಪ್ಪ ಉಳಿದರೆ, ಮೊದಲು ಅವನು ಎತ್ತುವ ಕೈ ತನ್ನ ಮೇಲೆ.

“ಮಗು ಹೋಯ್ತಂತೆ!” ಎಂದು ಗುಂಪಿನ ಹಿಂದಿನಿಂದ ಯಾರೋ ಕೂಗಿದರು.

ಯಾರು ಹೇಳಿದ್ದು, ಯಾರಿಗೆ ಫೋನ್ ಬಂತು, ಯಾರೂ ಕೇಳಲಿಲ್ಲ. ರುದ್ರೇಶನ ಗಂಟಲಿಂದ ಹೊರಟದ್ದು ಮನುಷ್ಯರ ಕೂಗಾಗಿರಲಿಲ್ಲ. ಅವನು ತಿರುಗಿ ಟೆಂಪೋದ ಹಿಂಬದಿಗೆ ನುಗ್ಗಿದ. ಅಲ್ಲಿ ಸಾಲಾಗಿ ನಿಂತಿದ್ದ ಸಿಲಿಂಡರುಗಳಲ್ಲಿ ಒಂದನ್ನು ಕಿತ್ತು ಎದೆಯವರೆಗೆ ಎತ್ತಿಕೊಂಡು ಬಂದ. ಹಮಾಲರು ಪರಶುರಾಮನ ಕೈಕಾಲು ಅಗಲಿಸಿ ನೆಲಕ್ಕೆ ಒತ್ತಿ ಹಿಡಿದರು. ಕರಿಯಣ್ಣ ಕೊಕ್ಕೆಯನ್ನು ಅವನ ಹೆಗಲಿನ ಅಂಗಿಗೆ ಹಾಕಿ ಎಳೆದ. ಅಂಗಿಯ ಜೊತೆ ಚರ್ಮವೂ ಬಂತು. ಪರಶುರಾಮ ಈಗ ಮಾತಾಡುತ್ತಿರಲಿಲ್ಲ. ಎಲ್ಲರಿಗೂ ಮಾತು ಹಚ್ಚುವವನು ಬಾಯಲ್ಲಿ ರಕ್ತ ತುಂಬಿಕೊಂಡು, ತೆರೆದ ಒಂದೇ ಕಣ್ಣಲ್ಲಿ ಸಿಲಿಂಡರನ್ನು ನೋಡುತ್ತ ಬಿದ್ದಿದ್ದ.

ತನುಶ್ರೀಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತ ಅಮ್ಮನ ಕಣ್ಸನ್ನೆ ನೆನಪಾಯಿತು. ಬೇಡ. ಅದೊಂದು ಬೇಡ ಎಂಬುದನ್ನು ನುಂಗಿಕೊಂಡೇ ಅಮ್ಮ ಇಷ್ಟು ವರ್ಷ ಬಾಳಿದಳು. ತಾನೂ ಅದನ್ನೇ ನುಂಗಿದ್ದಳು. ಒಂದು ಮಗು ನೆಲದ ಮೇಲೆ ನೀಲಿಯಾಗಿ ಬಿದ್ದಿತ್ತು.

ಅವಳು ಗುಂಪಿಗೆ ನುಗ್ಗಿದಳು. ಯಾರದೋ ಮೊಣಕೈ ಹಲ್ಲಿಗೆ ಬಡಿದು ಬಾಯಿ ಉಪ್ಪಾಯಿತು. ಯಾರೋ ಜಡೆ ಹಿಡಿದು ಎಳೆದರು. ಜಡೆ ಅವರ ಕೈಯಲ್ಲೇ ಇರಲಿ ಎಂಬಂತೆ ಮುಂದಕ್ಕೆ ಬಿದ್ದು, ಪರಶುರಾಮನ ಎದೆಯ ಮೇಲೆ ಅಡ್ಡಲಾಗಿ ಮಂಡಿಯೂರಿದಳು. ಮೇಲೆ, ಆಕಾಶಕ್ಕೆ ಅಡ್ಡವಾಗಿ, ಸಿಲಿಂಡರಿನ ತಳ ಕಂಡಿತು.

“ಏಯ್, ಯಾರೇ ನೀನು? ಎದ್ದೇಳು, ಇಲ್ದಿದ್ರೆ ನಿನ್ ಮೇಲೂ ಹಾಕ್ತೀನಿ!” ರುದ್ರೇಶ ಸಿಲಿಂಡರನ್ನು ಇನ್ನೂ ಮೇಲಕ್ಕೆತ್ತಿದ. “ಎದ್ದೇಳೇ!”

“ಡಾಕ್ಟ್ರ ಹತ್ರ ಕೆಲ್ಸಕ್ಕಿರೋ ಮೂಗಿ ಅದು,” ಎಂದ ಒಬ್ಬ. “ಎಳೀರೋ ಆಚೆಗೆ.”

ಅವಳು ಜೇಬಿನಿಂದ ಕೈ ತೆಗೆದು ಮೇಲಕ್ಕೆ ಚಾಚಿದಳು. ಅಂಗೈಯ ರಕ್ತ ಹತ್ತಿದ್ದ ಕ್ಲಾಂಪ್ ಬಿಸಿಲಿಗೆ ಹೊಳೆಯಿತು. ಎಳೆಯಲು ಬಂದ ಕೈಗಳು ಒಂದು ಗಳಿಗೆ ತಡೆದವು.

“ಏನಿದು?” ಎಂದ ರುದ್ರೇಶ.

ಮಹಡಿಯ ಒಡೆದ ಬಾಗಿಲಲ್ಲಿ ಡಾಕ್ಟರು ರಕ್ತದ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದರು. ಬೇಡ ಎನ್ನುವಂತೆ ತಲೆಯಾಡಿಸುತ್ತಿದ್ದರು. ತನುಶ್ರೀ ಅವರನ್ನು ನೋಡಿದಳು. ಹೊರಬಂದ ದನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು, ಇಳಿಯುತ್ತಿದ್ದ ಶಟರುಗಳ ಸದ್ದಿನ ಮೇಲೂ ಬಜಾರಿನ ಆ ತುದಿಯವರೆಗೆ ಕೇಳುವಷ್ಟು.

“ತಪ್ಪು ಗ್ಯಾಸು ಕೂರಬಾರ್ದು ಅಂತ ಇದರಲ್ಲಿ ಎರಡು ಪಿನ್ ಇತ್ತು. ಒಂದನ್ನ ಅರೆದು ಹಾಕಿದ್ದು ಇವನಲ್ಲ. ಭದ್ರಾವತಿ ಮೂರ್ತಪ್ಪ, ನಮ್ಮಪ್ಪ. ಡಾಕ್ಟ್ರು ಹೇಳಿದ್ರು, ನಾನೇ ಒಯ್ದು ಕೊಟ್ಟೆ.”